ಟ್ರ್ಯಾಕ್ಟರ್ ಲೆಕ್ಕ ಬಿಟ್ಟು ಕೊಂಡ ಎರಡು ಟೈರು

ಜೋಡಿಗೆ ಎರಡು ಸಾವಿರದ ಎಂಟು ನೂರು ರೂಪಾಯಿ. ರೇಸಿಗೆಂದು ಕಾರಿನ ಮುಂದಿನ ಎರಡು ಟೈರಿಗೆ ನಾನು ಕೊಟ್ಟದ್ದು ಇಷ್ಟು. ಅರ್ಧ ಸವೆದಿದ್ದವು, ಅದಕ್ಕೇ ಅಗ್ಗ. ರಬ್ಬರು ಇನ್ನೂ ಎಳೆಯದಾಗಿತ್ತು, ಅದಕ್ಕೇ ಇಷ್ಟಾದರೂ ಕೊಟ್ಟೆ. ಇದಕ್ಕೂ ಮೊದಲು ತಪ್ಪು ಅಳತೆಯ ಟೈರಿಗೆ, ಅವಕ್ಕೆ ಹೊಂದುವ ರಿಮ್ಮಿಗೆ ಏಳು ಸಾವಿರ ಸುರಿದಿದ್ದೆ. ಅದನ್ನು ಯಾರ ಮುಂದೂ ಹೇಳಿರಲಿಲ್ಲ. ಈಗ ಗೆದ್ದಿದ್ದೇನೆ, ಹೇಳಬಹುದು.

ಹಿಟ್ನಾಳದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ನನ್ನದು ಹಳೆಯ ಟೈರುಗಳ ಅಂಗಡಿ. ಯಲಬುರ್ಗಾ, ಕುಕನೂರಿನ ಸಂತೆಗಳಲ್ಲಿ ಟ್ರಾಲಿ ಟೈರು ಮಾರುತ್ತ ಶುರು ಮಾಡಿದವಳು ನಾನು. ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಇನ್ನೆಷ್ಟು ದಿನ ಓಡೀತು ಎಂದು ಹೇಳುತ್ತೇನೆ. ಗಿರಾಕಿ ನಂಬಿ ಒಯ್ಯುತ್ತಾನೆ. ಗ್ಯಾರಂಟಿ ಚೀಟಿ ಇಲ್ಲದ ಈ ವ್ಯಾಪಾರ ನಡೆಯುವುದೇ ನನ್ನ ಮಾತಿನ ಮೇಲೆ.

ನಮ್ಮಿಂದ ಅರ್ಧ ದಿನದ ಹಾದಿಯಲ್ಲಿ ವಿಮಾನ ಇಳಿಯದ ಹಳೆಯ ರನ್‌ವೇ ಒಂದಿದೆ. ಅಲ್ಲಿ ಪರವಾನಗಿ ತೆಗೆದುಕೊಂಡು ಡ್ರ್ಯಾಗ್ ರೇಸು ನಡೆಸುತ್ತಾರೆ. ಒಮ್ಮೆಗೆ ಎರಡು ಕಾರು, ನಾನೂರು ಮೀಟರ್ ನೇರ ದಾರಿ, ಮೊದಲು ಗೆರೆ ಮುಟ್ಟಿದವರು ಗೆದ್ದಂತೆ. ದಿನವೂ ರಸ್ತೆಯಲ್ಲಿ ಓಡುವ ಕಾರುಗಳಿಗೆಂದೇ ಒಂದು ವಿಭಾಗವಿದೆ. ಬಾಗಿಲ ಮೇಲೆ ಅಂಗಡಿಯ ಹೆಸರು ಬರೆಸಿ ನನ್ನ ಹಳೆಯ ಪೆಟ್ರೋಲ್ ಕಾರನ್ನು ಅಲ್ಲಿ ಓಡಿಸಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಕೇ?

ರೇಸಿನ ವಿಡಿಯೊಗಳಲ್ಲೆಲ್ಲ ಮುಂದೆ ಸಣಕಲು ಟೈರು, ಹಿಂದೆ ದಪ್ಪ ಟೈರು. ನೋಡಿದ ಕೂಡಲೇ ಒಪ್ಪಿಬಿಟ್ಟೆ. ಗಂಗಾವತಿಯ ಗದ್ದೆಯ ಕೆಸರಿನಲ್ಲಿ ಓಡಾಡುವ ಟ್ರ್ಯಾಕ್ಟರೂ ಹಾಗೇ ಅಲ್ಲವೇ? ಸಣ್ಣ ಗಾಲಿ ದಾರಿ ತಿರುಗಿಸುತ್ತದೆ, ದೊಡ್ಡ ಗಾಲಿ ನೂಕುತ್ತದೆ. ಟ್ರ್ಯಾಕ್ಟರ್ ನೋಡಿ ಬೆಳೆದ ಕಣ್ಣಿಗೆ ಅನುಮಾನವೇ ಬರಲಿಲ್ಲ. ಮುಂದಿದ್ದ 165 ಮಿಲಿಮೀಟರ್ ಅಗಲದ, 14 ಇಂಚು ರಿಮ್ಮಿನ ಟೈರು ಬಿಚ್ಚಿಸಿ, 145 ಅಗಲದ, 13ರ ರಿಮ್ಮಿನವನ್ನು ಹಾಕಿಸಿಕೊಂಡು ಹೋದೆ.

ರೇಸಿನಲ್ಲಿ ನನ್ನ ಪಕ್ಕಕ್ಕೆ ಕಾರು ತಂದು ನಿಂತವನು ಕೊಪ್ಪಳದ ಟ್ಯಾಕ್ಸಿ ಮಾಲೀಕ. ಗಿಣಿಗೇರಿ ಕಾರ್ಖಾನೆಗಳಿಗೆ ನೌಕರರನ್ನು ಸಾಗಿಸುವ ಹನ್ನೆರಡು ಕಾರು ಅವನವು. ಅವನ ಡ್ರೈವರುಗಳು ಅಂಗಡಿ ಮುಂದೆ ನಿಂತಾಗೆಲ್ಲ ನಾನು ಟೈರಿನ ಬುದ್ಧಿ ಹೇಳುತ್ತಿದ್ದೆ. ತನ್ನ ಕಾರಿಗೆ 17ರ ದೊಡ್ಡ ಹೊಳೆಯುವ ರಿಮ್ಮು ಹಾಕಿಸಿದ್ದ. ಹಸಿರು ದೀಪ ಹತ್ತಿತು. ನನ್ನ ಮುಂದಿನ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗಿ ಹೊಗೆ ಎಬ್ಬಿಸಿದವು. ಅವನು ಅರ್ಧ ದಾರಿ ಮುಟ್ಟುವ ಹೊತ್ತಿಗೆ ನಾನು ಆ ಹೊಗೆಯಿಂದ ಹೊರಗೆ ಬಂದಿದ್ದೆ.

ಇಳಿದ ಮೇಲೆ ಅವನೇ ನಡೆದು ಬಂದ. "ಅಕ್ಕಾರ, ನಿಮ್ಮ ಗಾಡಿ ರೇಸಿಗೆ ಬಂದೈತೋ, ಹೊಗಿ ಹಾಕಿ ಸೊಳ್ಳಿ ಓಡ್ಸಾಕ ಬಂದೈತೋ?"

"ನಗ್ರಿ, ನಗ್ರಿ. ಇವತ್ತಿನ ನಗಿ ನಿಮ್ದು."

"ಹಂಗಾರ ಒಂದು ಮಾತು. ಮುಂದಿನ ಸಲ ನನ್ನ ಹಿಂದ ಹಾಕ್ರಿ, ನನ್ನ ಹನ್ನೆರಡೂ ಗಾಡಿ ಟೈರು ನಿಮ್ಮ ಅಂಗಡ್ಯಾಗ. ಸೋತ್ರಿ ಅಂದ್ರ, ನನ್ನ ಡ್ರೈವರ್‌ಗೊಳಿಗೆ ಟೈರಿನ ಬುದ್ಧಿ ಹೇಳೂದು ಬಿಡಬೇಕು."

"ಬಿಟ್ಟೆ ಅಂತ ತಿಳೀರಿ, ಸೋತ್ರ."

ಜಂಬ ಬಾಯಲ್ಲಷ್ಟೇ ಇತ್ತು. ಅವನ ಡ್ರೈವರುಗಳು ಹೆದ್ದಾರಿಯುದ್ದಕ್ಕೂ ಈ ಸೋಲನ್ನು ಹೇಳಿಕೊಂಡು ತಿರುಗಿದರೆ ನನ್ನ ಮಾತಿಗೆ ಯಾರು ಬೆಲೆ ಕೊಟ್ಟಾರು?

ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹಿಂದಿನ ಟೈರು ಒಯ್ದ ಹಾಗೇ ಇದ್ದವು. ಮುಂದಿನವು ಮಾತ್ರ ತುರಿಮಣೆಗೆ ಉಜ್ಜಿದಂತೆ ಕಿತ್ತುಹೋಗಿದ್ದವು. ನನ್ನ ಕಾರನ್ನು ಎಳೆಯುವುದು ಮುಂದಿನ ಗಾಲಿ. "ಸಣ್ಣ ಕಾರಿನ ಮುಂದಿನ ಟೈರು ಬೇಗ ಸವೀತಾವ, ಎಲ್ಲಾ ಜೋರು ಅವುಕ್ಕ ಬೀಳ್ತೈತಿ" ಎಂದು ಗಿರಾಕಿಗಳಿಗೆ ವರ್ಷಗಟ್ಟಲೆ ಹೇಳಿದವಳು ನಾನೇ! ವಿಡಿಯೊದ ಕಾರುಗಳನ್ನು ಟ್ರ್ಯಾಕ್ಟರಿನಂತೆ ಹಿಂದಿನ ಗಾಲಿ ನೂಕುತ್ತದೆ. ಅವಕ್ಕೆ ಮುಂದೆ ಸಣಕಲು ಟೈರು ಸರಿ. ನನಗೆ ಬೇಕಾದದ್ದು ನೆಲ ಹಿಡಿಯುವ ಅಗಲ, ಜೊತೆಗೆ ತುಸು ಕಡಿಮೆ ಎತ್ತರ. ಎತ್ತರ ಇಳಿದರೆ ಕಾರು ಬೇಗ ಎದ್ದು ಓಡುತ್ತದೆ. ತೀರ ಇಳಿಸಿದರೆ ಗೆರೆ ಮುಟ್ಟುವ ಮೊದಲೇ ಇನ್ನೊಂದು ಗೇರು ಹಾಕಬೇಕಾಗುತ್ತದೆ, ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದೆ. 185 ಅಗಲ, ಆ ಅಗಲದ ಶೇಕಡಾ 60ರಷ್ಟು ಎತ್ತರದ ಗೋಡೆ, 14ರ ರಿಮ್ಮು: ಕಾರಿನ ಮೂಲ ಟೈರಿಗಿಂತ ನಾಲ್ಕು ಸೆಂಟಿಮೀಟರ್ ಗಿಡ್ಡ. ಮೂರನೇ ಗೇರಿನಲ್ಲೇ ಗೆರೆ ದಾಟಬಹುದಿತ್ತು. ನನ್ನ ಹಳೆಯ ರಿಮ್ಮಿಗೇ ಕೂರುತ್ತಿತ್ತು ಕೂಡ.

ಗಂಗಾವತಿಯಲ್ಲಿ ಹಳೆಯ ಟೈರಿನ ಸಗಟು ವ್ಯಾಪಾರಿ ಚಾಚಾ ಒಬ್ಬರಿದ್ದಾರೆ. ಅವರು ಆ ಅಳತೆಯ ಒಂದು ಜೋಡಿ ಉರುಳಿಸಿಕೊಂಡು ಬಂದರು.

"ನೋಡು ಬೇಟಿ, ಹಲ್ಲು ನೋಡು. ಒಂದೂ ಸವದಿಲ್ಲ."

"ಹಲ್ಲು ಛಲೋ ಅದಾವ ಚಾಚಾ, ವಯಸ್ಸೆಷ್ಟು?" ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿದೆ. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. "ಏಳು ವರ್ಷ ಆಗೈತಿ. ಉಗುರು ಇಳಿಯೂದಿಲ್ಲ. ಇದು ಟೈರಲ್ಲ, ಕಡಕ್ ರೊಟ್ಟಿ."

"ತೌಬಾ! ರೊಟ್ಟಿ ಅಂತಾಳ ನೋಡ್ರಿ!"

"ಆ ಮೂಲ್ಯಾಗ ಇದ ಅಳತಿ ಜೋಡಿ ಐತಲ್ಲ, ಅದನ್ನ ತಗೀರಿ."

"ಅದಾ? ಅರ್ಧಾ ಸವದೈತಿ. ರೇಸಿಗೆ ಹಾಕ್ತಿಯೇನ?"

ಅದಕ್ಕೆ ಒಂದೇ ವರ್ಷ ವಯಸ್ಸು. ಅರ್ಧ ಸವೆದ ಟೈರಿನ ಹಲ್ಲು ಗಿಡ್ಡ; ಒಮ್ಮೆಗೇ ಜೋರು ಬಿದ್ದಾಗ ಬಳುಕುವುದು ಕಡಿಮೆ. ನನಗೆ ಬೇಕಾದದ್ದೇ ಅದು. ಆದರೂ ಮುಖ ಸಣ್ಣ ಮಾಡಿಕೊಂಡು ನಿಂತೆ. ಚಾಚಾ ನಾಲ್ಕೂವರೆ ಸಾವಿರದಿಂದ ಶುರು ಮಾಡಿದರು. ನಾನು ಎರಡು ಸಲ ಬಾಗಿಲವರೆಗೆ ಹೋಗಿ ಬಂದು ಎರಡು ಸಾವಿರದ ಎಂಟು ನೂರಕ್ಕೆ ಇಳಿಸಿದೆ. ಚಹಾ ಅವರದೇ ಖರ್ಚಿನಲ್ಲಿ ಕುಡಿದೆ.

ಮುಂದಿನ ರೇಸಿನ ದಿನ ಟ್ಯಾಕ್ಸಿ ಮಾಲೀಕ ಅದೇ ಹೊಳೆಯುವ ರಿಮ್ಮಿನಲ್ಲಿ ಬಂದ. ನೆಲ ಚೆನ್ನಾಗಿ ಹಿಡಿಯಲೆಂದು ನಾನು ಮುಂದಿನ ಟೈರಿನ ಗಾಳಿಯನ್ನು ಇಪ್ಪತ್ತೆರಡು ಪೌಂಡಿಗೆ ಇಳಿಸಿದೆ, ಹಗುರವಾಗಿ ಉರುಳಲೆಂದು ಹಿಂದಿನದನ್ನು ಮೂವತ್ತಾರಕ್ಕೆ ಏರಿಸಿದೆ. ಹಸಿರು ದೀಪ. ಹೊಗೆ ಇಲ್ಲ, ಕಿರುಚಾಟವಿಲ್ಲ. ಯಾರೋ ಹಗ್ಗ ಕಟ್ಟಿ ಎಳೆದಂತೆ ಕಾರು ಮುಂದಕ್ಕೆ ಹಾರಿತು. ಎರಡನೇ ಗೇರು, ಮೂರನೆಯದು. ಪಕ್ಕದ ಕಿಟಕಿಯಲ್ಲಿ ಅವನ ಬಾನೆಟ್ಟು ಕಾಣುತ್ತಿತ್ತು, ಆಮೇಲೆ ಕನ್ನಡಿಯಲ್ಲಿ ಕಂಡಿತು. ಮೂರನೇ ಗೇರು ಚೀರುತ್ತಿರುವಾಗಲೇ ಗೆರೆ ದಾಟಿದೆ. ಹೆಲ್ಮೆಟ್ಟಿನೊಳಗೆ ನಾನು ಕೂಗಿದ ಕೂಗು ನನ್ನ ಕಿವಿಗೇ ಗುಂಯ್ ಎಂದಿತು.

ಅವನು ಬಂದು ಕೈ ಮುಗಿದ. "ಅಕ್ಕಾರ, ಸೋಮವಾರದಿಂದ ಗಾಡಿ ಕಳಸ್ತೀನಿ. ರೇಟು ಮಾತ್ರ ನೋಡಿ ಹಾಕ್ರಿ."

"ರೇಟು ಬಿಡ್ರಿ, ಮೊದಲ ಆ ಹದಿನೇಳರ ರಿಮ್ಮು ಬಿಚ್ಚಸ್ರಿ. ಗಾಡಿ ಎದ್ದು ಓಡೂದಕ್ಕ ಅದ ಅಡ್ಡ ಬರಾಕತ್ತೈತಿ."

"ಅಂದ್ರ ಬುದ್ಧಿ ಹೇಳೂದು ಶುರು ಆತು!" ಎಂದು ನಕ್ಕ. ಹನ್ನೆರಡು ಕಾರು ಈಗ ನನ್ನಲ್ಲಿಗೇ ಬರುತ್ತವೆ.

ನೀವೂ ಇಂಥದ್ದಕ್ಕೆ ಕೈ ಹಾಕುವುದಾದರೆ, ನಿಮ್ಮ ಕಾರನ್ನು ಎಳೆಯುವುದು ಯಾವ ಗಾಲಿ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಲ ಬೀಳುವ ಕಡೆ ಅಗಲದ ಟೈರು ಹಾಕಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ, ಒಂದೇ ವಯಸ್ಸು ಇರಲಿ. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರು ಎಲ್ಲಿಯೂ ಉಜ್ಜುವುದಿಲ್ಲ ಎಂದು ನೋಡಿದ ಮೇಲೆಯೇ ದುಡ್ಡು ಕೊಡಿ. ಬ್ರೇಕು ಒತ್ತಿದಾಗ ಗಾಲಿ ಜಾರದಂತೆ ತಡೆಯುವ ಎಬಿಎಸ್ ಇರುವ ಕಾರಾದರೆ, ಹಿಂದೆ ಮುಂದೆ ಬೇರೆ ಎತ್ತರ ಹಾಕುವ ಮೊದಲು ಮೆಕ್ಯಾನಿಕ್ಕನ್ನು ಕೇಳಿ. ಇಳಿಸಿದ ಗಾಳಿಯಲ್ಲಿ ಊರಿಗೆ ಮರಳಬೇಡಿ. ರೇಸು ಮುಗಿದ ಕೂಡಲೇ ತುಂಬಿಸಿ, ಮನೆಗೆ ಬಂದು ಕಾರಿನ ಮೂಲ ಅಳತೆಯ ಟೈರು ಹಾಕಿಸಿ. ಹೆದ್ದಾರಿಯಲ್ಲಿ ಮಾತ್ರ ಈ ಆಟ ಬೇಡವೇ ಬೇಡ. ಮತ್ತೆ, ಟೈರು ಕೊಳ್ಳಲು ಹೋದಾಗ ಹಲ್ಲು ನೋಡುವ ಮೊದಲು ಆ ನಾಲ್ಕು ಅಂಕಿ ಓದಿ.