ಆಣೆ ಹಾಕಿ ಕೊಟ್ಟ ಕಂಬಳಿ

ನಮ್ಮವ್ವನಿಗೆ ಸುಮ್ಮನೆ ಕೊಟ್ಟು ಗೊತ್ತಿರಲಿಲ್ಲ. ಪಕ್ಕದ ಮನೆಗೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟರೂ "ನನ್ನಾಣೆ, ಇವತ್ತೇ ಕುಡಿದ್ಬುಡಿ" ಎಂಬ ಬಾಲಂಗೋಚಿ ಇರುತ್ತಿತ್ತು. ಆ ಗುಣ ನನಗೂ ಬಂದಿದೆ. ಮೊಮ್ಮಗಳಿಗೆ ಕಡಲೆಮಿಠಾಯಿ ಕೊಡುವಾಗಲೂ ಉಪದೇಶ ಶುರು ಮಾಡುತ್ತೇನಂತೆ. ಅದು ಮುಗಿಯುವಷ್ಟರಲ್ಲಿ ಮಿಠಾಯಿ ಮುಗಿದಿರುತ್ತದೆ.

ಅವ್ವನ ಆಣೆಗೆ ಸಿಕ್ಕದೆ ಓಡಾಡಿಕೊಂಡಿದ್ದವರೆಂದರೆ ಜೋಳಿಗೆ ಅಯ್ನೋರು ಒಬ್ಬರೇ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮ ಹೊಳೆನರಸೀಪುರ, ಇಷ್ಟೂ ಕಡೆ ಬರಿಗಾಲಲ್ಲಿ ತಿರುಗುತ್ತಿದ್ದರು. ಮನೆಮನೆಯಲ್ಲಿ ಬೇಡಿದ್ದನ್ನು ಸಂತೆಮಾಳದ ಮರದಡಿ ಬಿದ್ದಿರುತ್ತಿದ್ದ ಕುಷ್ಠರೋಗಿಗಳಿಗೆ, ದಿಕ್ಕಿಲ್ಲದ ಮುದುಕರಿಗೆ ತಿನ್ನಿಸಿ, ಅವರ ಹುಣ್ಣು ತೊಳೆದು, ಉಳಿದರೆ ತಾವು ಉಣ್ಣುತ್ತಿದ್ದರು. ಉಳಿಯುತ್ತಿದ್ದುದು ಅಪರೂಪ. ಯಾರಾದರೂ ಕಾಲಿಗೆ ಬಿದ್ದರೆ ನಾಚಿಕೊಂಡು ಹಿಂದೆ ಸರಿಯುತ್ತಿದ್ದರು.

ಪ್ರತಿ ವರ್ಷ ಚಳಿಗೆ ಮೊದಲು ಅವ್ವ ಕೊಣನೂರು ಸಂತೆಯಿಂದ ಕಂಬಳಿ ತರಿಸಿ ಅವರಿಗೆ ಕೊಡುತ್ತಿದ್ದಳು. ಮುಂದಿನ ಸಲ ಬರುವಾಗ ಅವರ ಹೆಗಲು ಬರಿದಾಗಿರುತ್ತಿತ್ತು.

"ಹೋದ್ ವರ್ಷದ್ ಕಂಬ್ಳಿ ಏನಾಯ್ತು ಅಯ್ನೋರೆ?"

"ದುದ್ದದ ಊರಾಗೆ ಒಂದು ಬಾಣ್ತಿ ನಡುಗ್ತಿತ್ತು ಕಣವ್ವ."

"ನನ್ ಕಂಬ್ಳಿಗೋಳು ನನ್ಗಿಂತ ಜಾಸ್ತಿ ಊರು ನೋಡ್ಯವೆ ಬುಡಿ" ಎಂದು ಅವ್ವ ಗೊಣಗುತ್ತಿದ್ದಳು.

ಒಂದು ವರ್ಷ ಅಯ್ನೋರು ಕೆಮ್ಮುತ್ತಾ ಬಂದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಈ ಚಳಿ ಇವರನ್ನು ಉಳಿಸುವುದಿಲ್ಲ ಎಂದು ಅವ್ವನಿಗೆ ಭಯವಾಯಿತು. ಆಡುತ್ತಿದ್ದ ನನ್ನನ್ನು ಎಳೆದು ತಲೆಯ ಮೇಲೆ ಕೈಯಿಟ್ಟಳು.

"ಈ ಮಗೀನಾಣೆ ಅಯ್ನೋರೆ. ಈ ಕಂಬ್ಳಿ ಯಾರ್ಗೂ ಕೊಡ್ಕೂಡ್ದು."

ನನ್ನನ್ನು ಒಂದು ಮಾತೂ ಕೇಳದೆ ನನ್ನ ತಲೆಯನ್ನೇ ಅಡವಿಟ್ಟಿದ್ದಳು! ಆಣೆ ಮುರಿದರೆ ಮಗುವಿಗೆ ಕೇಡು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅಯ್ನೋರು ಕಂಬಳಿಯನ್ನು ನೋಡಿದರು, ನನ್ನನ್ನು ನೋಡಿದರು. "ಕೊಡಾಕಿಲ್ಲ ಕಣವ್ವ" ಎಂದರು. ಆವತ್ತು ಅವ್ವನಿಗೆ ಗೆದ್ದ ಖುಷಿ.

ಪುರಾಣ ಕೇಳಿದವರಿಗೆ ಗೊತ್ತು, ಎಂಥ ವರದಲ್ಲೂ ಒಂದು ಸಂದು ಉಳಿದಿರುತ್ತದೆ. ಒಳಗೂ ಸಾಯಬಾರದು, ಹೊರಗೂ ಸಾಯಬಾರದು ಎಂದು ಬೇಡಿಕೊಂಡ ದೈತ್ಯನಿಗೆ ಹೊಸಿಲು ಮರೆತೇಹೋಗಿತ್ತು. ಅವ್ವ ಪುರಾಣ ತಪ್ಪಿಸಿದವಳಲ್ಲ. ಆದರೂ ತನ್ನ ಆಣೆಯ ಸಂದು ಅವಳಿಗೆ ಕಾಣಲಿಲ್ಲ.

ಆ ಚಳಿಗಾಲ ಚನ್ನರಾಯಪಟ್ಟಣಕ್ಕೆ ಪ್ಲೇಗು ಬಂತು. ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ರೋಗ ಅಡಗಿದ ಮೇಲೆ ಮಲ್ಲ ಎಂಬ ಗಾಡಿಯವನು ನಮ್ಮ ಮನೆ ಹುಡುಕಿಕೊಂಡು ಬಂದು ಜಗಲಿಯ ಕೆಳಗೆ ನಿಂತ. ಜ್ವರ ಬಂದ ಅವನನ್ನು ಜೊತೆಯವರು ಊರಾಚೆಯ ಮಂಟಪದಲ್ಲಿ ಬಿಟ್ಟು ಹೋಗಿದ್ದರಂತೆ. ಅಯ್ನೋರು ಬಂದು ಗಂಜಿ ಕುಡಿಸಿದರಂತೆ.

"ಕಂಬ್ಳಿ ಕೊಡಾಕಿಲ್ಲ, ಆಣೆ ಐತೆ ಅಂದ್ರು ಕಣವ್ವ. ಆಮ್ಯಾಕೆ ನನ್ ಪಕ್ದಾಗೇ ಮನೀಕಂಡು ಇಬ್ರ ಮ್ಯಾಲೂ ಎಳ್ಕಂಡ್ರು. ನಾನು ಎದ್ದೆ. ಅವ್ರು ಏಳ್ಲಿಲ್ಲ."

ಅವ್ವ "ಕೊಟ್ಬುಟ್ಟಿದ್ರೆ ಬದುಕ್ತಿದ್ರಲ್ಲಪ್ಪ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಅವರು ಮಾತು ಉಳಿಸಿಕೊಂಡದ್ದು ನನಗೋಸ್ಕರ ಎಂಬುದು ಆ ವಯಸ್ಸಿಗೂ ತಿಳಿದಿತ್ತು. ಇವತ್ತಿಗೂ ಬೆಚ್ಚಗೆ ಹೊದ್ದು ಮಲಗಿದಾಗ ಆ ದುಃಖ ಬರುತ್ತದೆ.

ಅಳು ನಿಂತ ಮೇಲೆ ಅವ್ವ ಕೇಳಿದಳು: "ಆ ಕಂಬ್ಳಿ ಇಬ್ರಿಗೂ ಸಾಲ್ತಿತ್ತೇನಪ್ಪ?"

ಮಲ್ಲ ತಲೆ ತಗ್ಗಿಸಿದ. "ಇಲ್ಲ ಕಣವ್ವ. ಅವ್ರು ನನ್ ಕಡೀಕೇ ಎಳೀತಿದ್ರು."

ಆಮೇಲೆ ಅವ್ವ ಯಾರಿಗೂ ಆಣೆ ಹಾಕಲಿಲ್ಲ. ಚಳಿಗೆ ಮೊದಲು ಕಂಬಳಿ ತರಿಸುವುದನ್ನು ಮಾತ್ರ ಬಿಡಲಿಲ್ಲ. ಯಾರು ಬಂದು ಬೇಡಿದರೂ ಬಾಯಿ ಬಿಡದೆ ಕೊಟ್ಟು ಒಳಗೆ ಹೋಗುತ್ತಿದ್ದಳು. ಸಂತೆಗೆ ಹೊರಟ ಅಪ್ಪನಿಗೆ ಹೇಳುತ್ತಿದ್ದುದು ಒಂದೇ ಮಾತು: "ಅಗ್ಲವಾಗಿರೋದ್ ತನ್ನಿ. ಇಬ್ರು ಹೊದ್ಕಳಂಗಿರ್ಲಿ."