ಬಾಣಂತಿಯ ಹಗಲು ನಿದ್ದೆ

ಬಚ್ಚಲ ಬಾಗಿಲು ಹಾಕಿರಲಿಲ್ಲ. ಹಾಕಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಯೋಚನೆ ಮಾತ್ರ ನಿಲ್ಲುವುದಿಲ್ಲ.

ತಂಗಿ ಮೊದಲ ಹೆರಿಗೆಗೆಂದು ಸೊರಬದ ಕಡೆಯ ಕುಪ್ಪಗಡ್ಡೆಯಿಂದ, ಗಂಡನ ಮನೆಯಿಂದ, ಶಿಕಾರಿಪುರದ ತವರಿಗೆ ಬಂದಿದ್ದಳು. ಹೆರಿಗೆ ಸಲೀಸಾಗಿಯೇ ಆಯಿತು. ಹೆಣ್ಣುಮಗು. ಬಾಣಂತನಕ್ಕೆ ಅವ್ವನ ಜೊತೆಗೆ ದೊಡ್ಡಮ್ಮ ಶಿರಾಳಕೊಪ್ಪದಿಂದ ಬಂದು ಕೂತರು. ಕಾಲೇಜಿನಲ್ಲಿ ಪಾಠ ಹೇಳುವ ನಾನು ರಜೆ ಹಾಕಿ ಮನೆಯಲ್ಲಿದ್ದೆ.

ನಮ್ಮಲ್ಲಿ ಬಾಣಂತಿ ಹಗಲು ಮಲಗಬಾರದು. ಮಲಗಿದರೆ ಶೀತ ಏರುತ್ತದೆ, ಮೈ ಊದಿಕೊಳ್ಳುತ್ತದೆ ಎನ್ನುತ್ತಾರೆ. ಕುದಿನೀರಿನಂಥ ನೀರು ಹುಯ್ಯಿಸಿಕೊಂಡು, ಹೊಗೆ ಹಾಕಿಸಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡವಳು ತೂಕಡಿಸಿದರೆ ಯಾರಾದರೂ ಮಾತಿಗೆಳೆದು ಎಚ್ಚರಿಸುತ್ತಾರೆ. ತಂಗಿಯನ್ನು ಎಚ್ಚರಿಸುವ ಕೆಲಸವೇ ಬೀಳಲಿಲ್ಲ. ಹಗಲೂ ಮಲಗಲಿಲ್ಲ, ರಾತ್ರಿಯೂ ಮಲಗಲಿಲ್ಲ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಇಂಥ ಬಾಣಂತಿ ನಾ ನೋಡೇ ಇಲ್ಲ ಬಿಡವ್ವ," ಎಂದರು ದೊಡ್ಡಮ್ಮ ನನಗೆ. "ನಿನ್ನ ಹಡೆದಾಗ ನಿಮ್ಮವ್ವ ಕುಂತಲ್ಲೇ ಗೊರಕಿ ಹೊಡಿತಿದ್ಲು."

"ನನ್ನ ಕಾಯಾಕ ಬಂದಾಕಿ ನೀನೇ ಮೊದ್ಲು ಮಲಗ್ತಿದ್ದಿ," ಎಂದಳು ಅವ್ವ.

ಎಲ್ಲರೂ ನಕ್ಕೆವು. ತಂಗಿ ನಗಲಿಲ್ಲ. "ಅಕ್ಕ, ಮಗೂಗೆ ಏನೋ ವಾಸ್ನಿ ಬರ್ತೈತಿ. ಎಷ್ಟು ತೊಳದ್ರೂ ಹೋಗವಲ್ದು," ಎಂದಳು. ನಾನು ಮಗುವಿನ ನೆತ್ತಿ ಮೂಸಿ, "ಎಣ್ಣಿ ವಾಸ್ನಿ ಅದು, ಸುಮ್ನಿರು," ಎಂದೆ. ಐದು ದಿನದಿಂದ ನಿದ್ದೆಯಿಲ್ಲದವಳಿಗೆ ಎಂ.ಎ. ಓದಿದವಳು ಕೊಟ್ಟ ಉತ್ತರ ಇಷ್ಟು. ಅವಳ ಗಂಡನಿಗೆ ಫೋನು ಮಾಡಿ, ನಿನ್ನ ಹೆಂಡತಿ ಗಟ್ಟಿಗಿತ್ತಿ ಎಂದು ಹೊಗಳಿದ್ದೂ ನಾನೇ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಹಿತ್ತಲಲ್ಲಿದ್ದರು. ಮಗುವಿಗೆ ನೀರೆರೆಯಲು ಇನ್ನೂ ಹೊತ್ತಿತ್ತು. ಬಚ್ಚಲ ಮುಂದೆ ಹಾದುಹೋಗುತ್ತಾ ನೋಡಿದೆ. ತಂಗಿ ಕಾಲು ಚಾಚಿ ಕೂತಿದ್ದಳು, ಕಾಲ ಮೇಲೆ ಮಗು. ಕೈಯಲ್ಲಿದ್ದ ತಂಬಿಗೆಯಲ್ಲಿ ಹಂಡೆಯ ನೀರು ಹಬೆಯಾಡುತ್ತಿತ್ತು. ತಣ್ಣೀರಿನ ಬಕೆಟ್ಟು ಮುಟ್ಟದೆ ತುಂಬಿದ ಹಾಗೇ ಇತ್ತು. ಒಳಗೆ ನುಗ್ಗಿದೆ. ತಂಬಿಗೆ ಕಿತ್ತುಕೊಂಡೆ. ಮುಂಗೈ ಸುಟ್ಟದ್ದು ಗೊತ್ತಾದದ್ದು ಆಮೇಲೆ.

ಅವಳು ಸಿಟ್ಟಾಗಲಿಲ್ಲ. "ಇದ್ರಾಗ ಹೋಗ್ತಿತ್ತಲ್ಲಕ್ಕ, ವಾಸ್ನಿ," ಎಂದಳು ಮೆಲ್ಲಗೆ.

ದೊಡ್ಡಮ್ಮ ದೃಷ್ಟಿಯಾಗಿದೆ ಎಂದರು, ಬಳ್ಳಿಗಾವಿ ಕಡೆ ಯಾರೋ ತಾಯಿತ ಕಟ್ಟುತ್ತಾರೆ ಎಂದರು. ನಾನು ಹೆರಿಗೆ ಮಾಡಿಸಿದ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಶಿವಮೊಗ್ಗದಲ್ಲಿ ಬಾಣಂತಿಯರ ಮಾನಸಿಕ ಕಾಯಿಲೆಗಳನ್ನೇ ನೋಡುವ ವೈದ್ಯೆಯೊಬ್ಬರ ಬಳಿಗೆ ಆಗಲೇ ಹೊರಡಿಸಿದರು. ಕಾರಿನಲ್ಲಿ ತಂಗಿ ನನ್ನ ಮತ್ತು ಅವ್ವನ ನಡುವೆ, ಮಗು ಮುಂದೆ ದೊಡ್ಡಮ್ಮನ ಮಡಿಲಲ್ಲಿ.

"ನಿದ್ದೆ ಹೇಗೆ?" ಎಂದು ವೈದ್ಯೆ ಮೊದಲು ಕೇಳಿದರು.

"ಹಗಲಂತೂ ಒಂದಿನಾನೂ ಕಣ್ಣು ಮುಚ್ಚಿಲ್ರಿ," ಎಂದರು ದೊಡ್ಡಮ್ಮ. ಆಗಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದಿತ್ತು.

ವೈದ್ಯೆ ಪೆನ್ನು ಕೆಳಗಿಟ್ಟರು. "ಅಮ್ಮ, ಕಾಯಿಲೆ ಶುರುವಾಗಿದ್ದೇ ಹಾಗೆ. ಹೆರಿಗೆ ಆದ್ಮೇಲೆ ಕೆಲವರಿಗೆ ಬರುತ್ತೆ, ವಾಸಿನೂ ಆಗುತ್ತೆ. ತಾಯಿ ಮಗು ಇಬ್ಬರೂ ಇಲ್ಲೇ ಇರಲಿ. ಮಗು ಹತ್ತಿರ ನಿಮ್ಮಲ್ಲೊಬ್ಬರು ಸದಾ ಇರಬೇಕು. ಮನೆಗೆ ಹೋದ ಮೇಲೂ ಇವರ ನಿದ್ದೆ ಕೆಡಿಸಬೇಡಿ."

ಮೂರು ವಾರ ಸರದಿಯಲ್ಲಿ ಕಾದೆವು. ಅವಳು ಮಲಗಿದಳು, ಅತ್ತಳು, ಒಂದು ದಿನ ಮಗುವಿನ ನೆತ್ತಿ ಮೂಸಿ ಸುಮ್ಮನಾದಳು. ಐದನೇ ತಿಂಗಳಲ್ಲಿ ಮಾತ್ರೆಗಳ ಸಮೇತ ಕುಪ್ಪಗಡ್ಡೆಗೆ ಕಳಿಸುವಾಗ ನನಗಿದ್ದ ಭಯ ಒಂದೇ: ಅತ್ತೆ ಇವಳನ್ನು ಹಗಲು ಮಲಗಲು ಬಿಡುತ್ತಾರೋ ಇಲ್ಲವೋ. ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ನಾವೇ ಬಿಟ್ಟಿರಲಿಲ್ಲವಲ್ಲ.

ಹೋದ ವಾರ ಹೇಳದೆ ಹೋದೆ. ಅತ್ತೆ ಮಗುವನ್ನೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. "ಮೆಲ್ಲಗೆ ಬಾ ಮಾರಾಯ್ತಿ, ಮಲಗಿದಾಳೆ. ನಿನ್ನ ಚಪ್ಪಲಿ ಸದ್ದಿಗೆ ಸೊರಬದವ್ರೂ ಎದ್ದಾರು. ಪಕ್ಕದ ಮನೆಯವಳು, ಸೊಸೆ ಹಗಲು ಮಲಗೋದೆಂತಕ್ಕೆ ಅಂದ್ಲು. ನೀ ಬಂದು ಮಗು ಹಿಡ್ಕೋ, ಆಮೇಲೆ ಕೇಳು ಅಂದೆ."

ತಂಗಿ ಎದ್ದಾಗ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಮಗುವಿಗೆ ನಾನೇ ನೀರು ಬೆರೆಸಿದೆ. ಮೊಣಕೈ ಅದ್ದಿ ನೋಡಿದೆ. ಹದವಾಗಿತ್ತು. ಮತ್ತೆ ಅದ್ದಿದೆ.

"ಸಾಕು ಬಿಡಕ್ಕ, ಆರಿ ಹೋಗ್ತೈತಿ," ಎಂದಳು. ಅವಳ ಕಣ್ಣು ನನ್ನ ಮುಂಗೈಯ ಕಲೆಯ ಮೇಲಿತ್ತು.

ತಂಬಿಗೆಯನ್ನು ಅವಳ ಕೈಗೆ ಕೊಡಲು ನನಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಕೊಟ್ಟೆ. ಬಚ್ಚಲ ಬಾಗಿಲಲ್ಲಿ ಕೂತ ನಾನು ಮಾತ್ರ ಏಳಲಿಲ್ಲ.