ರೆಸ್ಯೂಮೆಯ ವಿದ್ಯಾರ್ಥಿ ನಾಯಕ

ಕಾಲೇಜಿನಲ್ಲಿ ನಾನು ವಿದ್ಯಾರ್ಥಿ ನಾಯಕ. ಇದ್ದದ್ದು ಒಂದೇ ಕೆಲಸ: ವಾಡಿ ಸ್ಟೇಷನ್ನಿನಿಂದ ಫೋನು ಮಾಡಿ, ಮೇಷ್ಟ್ರುಗಳು ಬರುವ ರೈಲು ತಡವೆಂದು ಹುಡುಗರಿಗೆ ತಿಳಿಸುವುದು. ರೆಸ್ಯೂಮೆಯಲ್ಲಿ ಅದು ‘ಸಮಯ ನಿರ್ವಹಣೆ’ ಆಯಿತು. ಗಣಪತಿ ಮುಂದೆ ಕುಣಿದದ್ದನ್ನು ‘ಕಾರ್ಯಕ್ರಮ ಸಂಯೋಜನೆ’ ಎಂದು ಬರೆದ ಗೆಳೆಯನಿಗಿಂತ ನಾನು ಸತ್ಯವಂತನೇ.

ಸೇಡಂನ ಸಿಮೆಂಟ್ ಕಾರ್ಖಾನೆಯಲ್ಲಿ ಸಂದರ್ಶನ. ಈ ಸಲವೂ ನೌಕರಿ ತಪ್ಪಿದರೆ “ಹೊಲಕ್ಕ ನಡೀರಿ, ಲೀಡರ್ ಸಾಬ್” ಎಂದು ಅಪ್ಪ ಅಣಕಿಸುವುದು ಖಚಿತ.

“ಲೀಡರ್ ಆಗಿ ಏನ್ ಮಾಡ್ತಿದ್ರಿ?” ಎಂದರು ಸಾಹೇಬರು.

ಗಾಬರಿಯಲ್ಲಿ ನನ್ನ ಬಾಯಿಂದ ಸ್ಟೇಷನ್ನಿನ ಮೈಕಿನಲ್ಲಿ ಪ್ರಕಟಣೆ ಹೇಳುವ ಹೆಣ್ಣುದನಿಯೇ ಹೊರಟಿತು: “ಗಾಡಿ ತಡವಾಗಿ ಬರುತ್ತಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.”

“ಭಾಳ ಛಲೋ! ಲೋಡ್ ಲೇಟಂತ ಲಾರಿ ಡ್ರೈವರ್‌ಗಳು ಬೈಲಿಕತ್ತಾರ. ಗೇಟಿನ್ಯಾಗ ನಿಂತು ಹಿಂಗೇ ಹೇಳ್ರಿ.”

ಈಗ ದಿನವೂ ಗೇಟಿನಲ್ಲಿ ಬೈಸಿಕೊಳ್ಳುತ್ತೇನೆ. ರೆಸ್ಯೂಮೆಯಲ್ಲಿ ಅದು ‘ಗ್ರಾಹಕ ಸಂಬಂಧ’.